ಕಾಲೇಜು ಅಂಗಳದ ‘ವಾಯುದಾಳಿ’ ವೃತ್ತಿಪರರ ಮುಂದೆ ನಡೆದೀತೆ?

ಅಮೆರಿಕದ ಟೆಕ್ಸಾಸ್ ರಾಜ್ಯದ ಲಬಕ್ ಎಂಬ ಊರು. 2016ರ ಅಕ್ಟೋಬರ್ 22ರ ರಾತ್ರಿ ಅಲ್ಲಿ ಎರಡು ವಿಶ್ವವಿದ್ಯಾಲಯಗಳ ನಡುವೆ ಫುಟ್‌ಬಾಲ್ ಪಂದ್ಯ ನಡೆಯಿತು. ಒಕ್ಲಹೋಮ 66, ಟೆಕ್ಸಾಸ್ ಟೆಕ್ 59. ಸೋತ ತಂಡದ ಪ್ಯಾಟ್ರಿಕ್ ಮಹೋಮ್ಸ್ ಅಂದು ಚೆಂಡು ಎಸೆದೇ 734 ಗಜ ಗಳಿಸಿದ್ದರು. ಗೆದ್ದ ತಂಡದ ಬೇಕರ್ ಮೇಫೀಲ್ಡ್ 545 ಗಜ ಗಳಿಸಿ, ಏಳು ಟಚ್‌ಡೌನ್‌ಗಳಿಗೆ ಚೆಂಡು ಒದಗಿಸಿದ್ದರು. ಆ ರಾತ್ರಿ ಪ್ರೇಕ್ಷಕರಿಗೆ ಹಬ್ಬವೇ ಸರಿ. ಆದರೆ ವೃತ್ತಿಪರ ತಂಡಗಳಿಗೆ ಆಟಗಾರರನ್ನು ಆರಿಸುವ ಪಂಡಿತರಿಗೆ ಈ ಅಂಕಿಗಳು ಭರವಸೆಗಿಂತ ಅನುಮಾನವನ್ನೇ ಹೆಚ್ಚಿಸಿದವು. ಇಷ್ಟೊಂದು ಗಜಗಳು ಹುಡುಗನ ತೋಳಿನಿಂದ ಬಂದವೋ, ಅವನ ತಂಡ ಆಡುವ ಪದ್ಧತಿಯಿಂದ ಬಂದವೋ?

ಈ ಪ್ರಶ್ನೆ ಹೊಸದಲ್ಲ. ನಮ್ಮಲ್ಲಿ ರಣಜಿ ಪಂದ್ಯಗಳಲ್ಲಿ ರನ್ನುಗಳ ರಾಶಿ ಹಾಕಿದವರು ಟೆಸ್ಟ್ ಅಂಗಳದಲ್ಲಿ ನಿಂತಾರೆಯೇ ಎಂಬ ಚರ್ಚೆ ಆಗಾಗ ಏಳುತ್ತದಲ್ಲ, ಹಾಗೆಯೇ ಅಮೆರಿಕದಲ್ಲಿ ‘ಕಾಲೇಜಿನ ಎಸೆತದ ಆಟ ವೃತ್ತಿಪರ ಕಣದಲ್ಲಿ ನಡೆದೀತೆ’ ಎಂಬ ಚರ್ಚೆ ದಶಕಗಳಿಂದ ನಡೆದಿದೆ. ಅದರ ಹಿಂದೆ ಒಂದು ಸ್ವಾರಸ್ಯದ ಇತಿಹಾಸವಿದೆ. ಒಂದಿಷ್ಟು ಯುವಕರ ಬದುಕಿನ ಲಾಭ ನಷ್ಟವೂ ಇದೆ.

ಮೊದಲು ಆಟದ ಪರಿಚಯ. ಹೆಸರು ಫುಟ್‌ಬಾಲ್ ಎಂದಿದ್ದರೂ ಇಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಒಂದೊಂದು ತಂಡಕ್ಕೆ 11 ಮಂದಿ. ಮೈದಾನದ ಉದ್ದ 100 ಗಜ. ಚೆಂಡು ಕೈಯಲ್ಲಿರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಸಾಗಲು ದಾರಿ ಎರಡು. ಚೆಂಡನ್ನು ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡುವುದು ಒಂದು. ಮುಂದೆ ಓಡುತ್ತಿರುವ ಸಂಗಡಿಗನಿಗೆ ಚೆಂಡು ಎಸೆಯುವುದು ಇನ್ನೊಂದು. ಎಸೆಯುವವನೇ ಕ್ವಾರ್ಟರ್‌ಬ್ಯಾಕ್, ತಂಡದ ಸೂತ್ರಧಾರ. ಎದುರಾಳಿಯ ಗಡಿಯಾಚೆಗೆ ಚೆಂಡು ತಲುಪಿದರೆ ಅದು ಟಚ್‌ಡೌನ್, ಆರು ಅಂಕ. ಎಸೆದರೆ ಬೇಗ ದೂರ ಸಾಗಬಹುದು. ಆದರೆ ಚೆಂಡು ನೆಲಕ್ಕೆ ಬೀಳಬಹುದು, ಎದುರಾಳಿಯ ಕೈ ಸೇರಲೂಬಹುದು. ಆದ್ದರಿಂದಲೇ ಹಳೆಯ ತರಬೇತುದಾರರಿಗೆ ಓಟವೆಂದರೆ ನೆಚ್ಚಿಕೆ, ಎಸೆತವೆಂದರೆ ಜೂಜು.

ಸಾವುಗಳಿಂದ ಹುಟ್ಟಿದ ನಿಯಮ

ಮುಂದಕ್ಕೆ ಚೆಂಡು ಎಸೆಯಲು ಮೊದಲು ಅನುಮತಿಯೇ ಇರಲಿಲ್ಲ. ಗುಂಪುಗುಂಪಾಗಿ ನುಗ್ಗುವ ಆ ಕಾಲದ ಆಟದಲ್ಲಿ ಹುಡುಗರು ಸಾಯುತ್ತಿದ್ದರು. 1905ರ ಒಂದೇ ಋತುವಿನಲ್ಲಿ ಸುಮಾರು 18 ಮಂದಿ ಸತ್ತರೆಂದು ಅಂದಿನ ಪತ್ರಿಕೆಗಳು ಲೆಕ್ಕ ಕೊಟ್ಟವು. ಆ ವರ್ಷದ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೇ ಕರೆಸಿ ಆಟ ಸುಧಾರಿಸುವಂತೆ ಹೇಳಿದರು. 1906ರಲ್ಲಿ ಹೊಸ ನಿಯಮಗಳು ಬಂದವು. ಆಟಗಾರರು ಒಂದೇ ಕಡೆ ಗುಡ್ಡೆಯಾಗದೆ ಮೈದಾನದ ತುಂಬ ಹರಡಲಿ ಎಂದು ಮುಂದಕ್ಕೆ ಎಸೆಯಲು ಅವಕಾಶ ಸಿಕ್ಕಿತು.

ಅಂದರೆ ಎಸೆತವೆಂಬುದು ಹುಟ್ಟಿದ್ದೇ ಕಾಲೇಜು ಅಂಗಳದಲ್ಲಿ. ಇಂದು ಎನ್‌ಎಫ್‌ಎಲ್ ಎಂದು ಕರೆಯುವ ವೃತ್ತಿಪರ ಸಂಘ 1920ರಲ್ಲಿ ಸ್ಥಾಪನೆಯಾಗುವ ಹೊತ್ತಿಗೆ ಕಾಲೇಜು ಹುಡುಗರು 14 ವರ್ಷಗಳಿಂದ ಚೆಂಡು ಎಸೆಯುತ್ತಿದ್ದರು. 1913ರಲ್ಲಿ ನೋತ್ರ ಡೇಮ್ ತಂಡ ವೆಸ್ಟ್ ಪಾಯಿಂಟ್‌ನ ಸೈನಿಕ ಕಾಲೇಜನ್ನು ಎಸೆತದ ಬಲದಿಂದ 35–13ರಲ್ಲಿ ಸೋಲಿಸಿದ್ದು ದೇಶದ ಗಮನ ಸೆಳೆದಿತ್ತು.

ವೃತ್ತಿಪರ ಕಣದಲ್ಲಿ ಇದರ ಮೊದಲ ದೊಡ್ಡ ಪರೀಕ್ಷೆ ನಡೆದದ್ದು 1937ರಲ್ಲಿ. ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದಲ್ಲಿ ಡಚ್ ಮೇಯರ್ ಎಂಬ ತರಬೇತುದಾರರು ಆಟಗಾರರನ್ನು ಅಗಲವಾಗಿ ಹರಡಿ ನಿಲ್ಲಿಸಿ ಎಸೆತವನ್ನೇ ನೆಚ್ಚುತ್ತಿದ್ದರು. ಅವರ ಶಿಷ್ಯ ಸ್ಯಾಮಿ ಬಾ ವಾಷಿಂಗ್ಟನ್ ತಂಡ ಸೇರಿದ ಮೊದಲ ವರ್ಷವೇ ಅಂತಿಮ ಪಂದ್ಯದಲ್ಲಿ ಮೂರು ಟಚ್‌ಡೌನ್ ಎಸೆತಗಳಿಂದ ಷಿಕಾಗೊ ಬೇರ್ಸ್ ತಂಡವನ್ನು ಅದರ ಊರಿನಲ್ಲೇ 28–21ರಲ್ಲಿ ಮಣಿಸಿದರು. ಪ್ರಶ್ನೆಗೆ ಉತ್ತರ ಅಂದೇ ಸಿಕ್ಕಿತ್ತು ಎನ್ನಬಹುದು. ಆದರೆ ಅಂಥ ಪ್ರತಿಭೆ ತಲೆಮಾರಿಗೊಂದು ಎಂದು ವೃತ್ತಿಪರರು ಸುಮ್ಮನಾದರು. ಮೆಚ್ಚುಗೆ ಆಟಗಾರನಿಗೆ ಸಂದಿತು, ಪದ್ಧತಿಗೆ ಸಲ್ಲಲಿಲ್ಲ.

ಬಡವರ ಆಯುಧ

ಎಸೆತದ ಪದ್ಧತಿಗಳು ಬೆಳೆದದ್ದು ಹೆಸರುವಾಸಿ ಕಾಲೇಜುಗಳಲ್ಲಲ್ಲ. ದೈತ್ಯದೇಹಿ ಹುಡುಗರು ದೊಡ್ಡ ವಿಶ್ವವಿದ್ಯಾಲಯಗಳ ಪಾಲಾಗುತ್ತಾರೆ. ಉಳಿದವರು ಬುದ್ಧಿ ಓಡಿಸಬೇಕು. ಓಹಿಯೋ ರಾಜ್ಯದ ಮಿಡಲ್‌ಟೌನ್‌ನ ಪ್ರೌಢಶಾಲೆಯೊಂದರಲ್ಲಿ 1958ರಲ್ಲಿ ಸೋಲಿನ ಸುಳಿಗೆ ಸಿಕ್ಕಿದ್ದ ತರಬೇತುದಾರ ಟೈಗರ್ ಎಲಿಸನ್ ರೂಪಿಸಿದ ಆಟಕ್ಕೆ ‘ರನ್ ಅಂಡ್ ಶೂಟ್’ ಎಂದು ಹೆಸರಾಯಿತು. ನಾಲ್ವರು ಚೆಂಡು ಹಿಡಿಯುವವರು, ಒಬ್ಬನೇ ಓಟಗಾರ. ಹಿಡಿಯುವವರು ಮೊದಲೇ ಗೊತ್ತು ಮಾಡಿದ ದಾರಿಯಲ್ಲೇ ಓಡಬೇಕೆಂದಿಲ್ಲ. ಎದುರಾಳಿ ನಿಂತ ರೀತಿ ನೋಡಿ ಓಡುತ್ತಲೇ ದಾರಿ ಬದಲಿಸುತ್ತಾರೆ. ಅದೇ ಬದಲಾವಣೆಯನ್ನು ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಕ್ಷಣದಲ್ಲಿ ಊಹಿಸಬೇಕು. ಮೌಸ್ ಡೇವಿಸ್ ಎಂಬುವರು ಇದನ್ನು ಪೋರ್ಟ್‌ಲೆಂಡ್ ಸ್ಟೇಟ್ ಕಾಲೇಜಿಗೆ ಒಯ್ದರು. 1980ರಲ್ಲಿ ಆ ತಂಡ ಡೆಲವೇರ್ ಸ್ಟೇಟ್ ಎದುರು 105–0ರಲ್ಲಿ ಗೆದ್ದಿತು. ಈ ಅಂಕಿಯಲ್ಲೇ ಪದ್ಧತಿಯ ಶಕ್ತಿಯೂ ಅದರ ಬಗೆಗಿನ ಅನುಮಾನವೂ ಅಡಗಿವೆ. ಎದುರಾಳಿ ಅಷ್ಟು ದುರ್ಬಲವಾಗಿದ್ದರೆ ಯಾವ ಪದ್ಧತಿ ತಾನೇ ಗೆಲ್ಲುವುದಿಲ್ಲ?

ಇನ್ನೊಂದು ಶಾಖೆ ಬೆಳೆದದ್ದು ಯೂಟಾ ರಾಜ್ಯದ ಪ್ರೊವೊದಲ್ಲಿ. ಅಲ್ಲಿನ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಲಾವೆಲ್ ಎಡ್ವರ್ಡ್ಸ್ 1972ರಿಂದ 2000ದವರೆಗೆ ಮುಖ್ಯ ತರಬೇತುದಾರರಾಗಿದ್ದರು. ಅವರ ಎಸೆತದ ಆಟವನ್ನು ಕಣ್ಣಾರೆ ನೋಡಿ ಕಲಿತವರು ಹಾಲ್ ಮಮ್ಮಿ ಮತ್ತು ಮೈಕ್ ಲೀಚ್. ಲೀಚ್ ಅದೇ ವಿಶ್ವವಿದ್ಯಾಲಯದ ಪದವೀಧರರು. ಆದರೆ ಕಾಲೇಜು ತಂಡದಲ್ಲಿ ಆಡಿದವರಲ್ಲ. ಕಾನೂನು ಓದಿ, ವಕೀಲಿಕೆ ಬಿಟ್ಟು ಮೈದಾನಕ್ಕೆ ಬಂದವರು. 1989ರಲ್ಲಿ ಐಯೋವ ವೆಸ್ಲಿಯನ್ ಎಂಬ ಪುಟ್ಟ ಕಾಲೇಜಿನಲ್ಲಿ ಇವರಿಬ್ಬರು ಶುರು ಮಾಡಿದ ಆಟವೇ ಮುಂದೆ ‘ಏರ್ ರೇಡ್’, ಅಂದರೆ ವಾಯುದಾಳಿ ಎನಿಸಿಕೊಂಡಿತು. ಇದರ ಗುಟ್ಟು ಬಹಳ ಸರಳ. ಕಲಿಯಬೇಕಾದ ತಂತ್ರಗಳು ಕೆಲವೇ. ಅವನ್ನೇ ಕಣ್ಣು ಮುಚ್ಚಿ ಆಡುವಷ್ಟು ಸಲ ಅಭ್ಯಾಸ ಮಾಡುವುದು. ರಕ್ಷಣಾ ಸಾಲಿನವರು ನಡುವೆ ಅಂತರ ಬಿಟ್ಟು ನಿಲ್ಲುವುದು. ಹಿಡಿಯುವವರನ್ನು ಮೈದಾನದ ಅಗಲಕ್ಕೂ ಹರಡಿ, ಎದುರಾಳಿ ಯಾವ ಮೂಲೆ ಖಾಲಿ ಬಿಟ್ಟನೋ ಅಲ್ಲಿಗೆ ಬೇಗ ಚೆಂಡು ಕಳಿಸುವುದು.

ಹ್ಯೂಸ್ಟನ್‌ನ ಪಾಠ

ವೃತ್ತಿಪರ ಕಣದಲ್ಲಿ ರನ್ ಅಂಡ್ ಶೂಟ್ ತನ್ನ ಅದೃಷ್ಟ ಪರೀಕ್ಷಿಸಿದ್ದು 1990ರ ಆಸುಪಾಸಿನಲ್ಲಿ. ಡೆಟ್ರಾಯಿಟ್, ಅಟ್ಲಾಂಟ, ಹ್ಯೂಸ್ಟನ್ ತಂಡಗಳು ಇದನ್ನು ಅಳವಡಿಸಿಕೊಂಡವು. ಹ್ಯೂಸ್ಟನ್ ಆಯ್ಲರ್ಸ್ ತಂಡದ ವಾರೆನ್ ಮೂನ್ 1990ರಲ್ಲಿ 4,689 ಗಜ ಎಸೆದರು. ಆ ಡಿಸೆಂಬರ್‌ನಲ್ಲಿ ಕ್ಯಾನ್ಸಸ್ ಸಿಟಿ ಎದುರಿನ ಒಂದೇ ಪಂದ್ಯದಲ್ಲಿ 527 ಗಜ. ಕಪ್ಪು ವರ್ಣೀಯರಾದ ಮೂನ್ ಅವರನ್ನು 1978ರಲ್ಲಿ ಎನ್‌ಎಫ್‌ಎಲ್‌ನ ಯಾವ ತಂಡವೂ ಆರಿಸಿಕೊಂಡಿರಲಿಲ್ಲ. ಕೆನಡಾಕ್ಕೆ ಹೋಗಿ ಅಲ್ಲಿನ ಎಡ್ಮಂಟನ್ ತಂಡದೊಂದಿಗೆ ಸತತ ಐದು ಬಾರಿ ಪ್ರಶಸ್ತಿ ಗೆದ್ದ ಮೇಲಷ್ಟೇ ತಾಯ್ನಾಡು ಅವರನ್ನು ಕರೆಯಿತು.

1993ರ ಜನವರಿ 3ರಂದು ಬಫಲೊದಲ್ಲಿ ನಡೆದ ನಾಕೌಟ್ ಪಂದ್ಯದ ಮೂರನೇ ಅವಧಿಯಲ್ಲಿ ಹ್ಯೂಸ್ಟನ್ 35–3ರಿಂದ ಮುಂದಿತ್ತು. ಆಟ ಮುಗಿದಾಗ ಬಫಲೊ 41, ಹ್ಯೂಸ್ಟನ್ 38. ಮುನ್ನಡೆ ಇದ್ದಾಗ ಓಡುತ್ತ ಓಡುತ್ತ ಗಡಿಯಾರ ತಳ್ಳುವುದು ಹಳಬರ ಜಾಣ್ಮೆ. ನೆಲಕ್ಕೆ ಬಿದ್ದ ಪ್ರತಿ ಎಸೆತವೂ ಗಡಿಯಾರ ನಿಲ್ಲಿಸುತ್ತದೆ. ಎಸೆಯುವುದನ್ನೇ ನಂಬಿದ ತಂಡಕ್ಕೆ ಗೆಲುವನ್ನು ಕಾಪಾಡಿಕೊಳ್ಳಲು ಬರುವುದಿಲ್ಲ ಎಂಬ ಟೀಕೆ ಆ ದಿನದಿಂದ ಗಟ್ಟಿಯಾಯಿತು. ಆದರೆ ಎರಡು ಸಂಗತಿ ಗಮನಿಸಬೇಕು. ಹ್ಯೂಸ್ಟನ್ನಿನ ರಕ್ಷಣೆ ಅಂದು ಕುಸಿದು ಬಿದ್ದಿತ್ತು. ಆ ತಪ್ಪು ಎಸೆತಗಾರರದ್ದಲ್ಲ. ಇನ್ನು, ಗೆದ್ದ ಬಫಲೊ ತಂಡದ ಆಟವೇನೂ ಹಳೆಯ ಬಗೆಯದಲ್ಲ. ಗಾಯದಿಂದ ಅಂದು ಹೊರಗಿದ್ದ ಅದರ ಖಾಯಂ ಕ್ವಾರ್ಟರ್‌ಬ್ಯಾಕ್ ಜಿಮ್ ಕೆಲಿ, 1984ರಲ್ಲಿ ಹ್ಯೂಸ್ಟನ್ ಗ್ಯಾಂಬ್ಲರ್ಸ್ ಎಂಬ ಬೇರೊಂದು ಸಂಘದ ತಂಡದಲ್ಲಿ ಇದೇ ರನ್ ಅಂಡ್ ಶೂಟ್ ಆಡಿ 5,219 ಗಜ ಎಸೆದವರು. ಬಫಲೊ ಸತತ ನಾಲ್ಕು ವರ್ಷ ಅಂತಿಮ ಪಂದ್ಯವಾದ ‘ಸೂಪರ್ ಬೌಲ್’ ತಲುಪಿತು. ನಾಲ್ಕರಲ್ಲೂ ಸೋತಿತು ಎಂಬುದು ಬೇರೆ ಮಾತು.

ಆದರೂ ಶುದ್ಧ ರನ್ ಅಂಡ್ ಶೂಟ್ ಆ ದಶಕದ ಕೊನೆಯ ಹೊತ್ತಿಗೆ ಎನ್‌ಎಫ್‌ಎಲ್‌ನಿಂದ ಮರೆಯಾಯಿತು. ಫ್ಲಾರಿಡ ವಿಶ್ವವಿದ್ಯಾಲಯದಲ್ಲಿ ಎಸೆತದ ಆಟದಿಂದಲೇ 1996ರ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದ ಸ್ಟೀವ್ ಸ್ಪರಿಯರ್ ಅವರನ್ನು ವಾಷಿಂಗ್ಟನ್ ತಂಡ 2002ರಲ್ಲಿ ಭಾರಿ ಸಂಬಳ ಕೊಟ್ಟು ಕರೆತಂದಿತು. ತಮ್ಮ ಹಳೆಯ ಶಿಷ್ಯರನ್ನೂ ಅವರು ಕರೆಸಿಕೊಂಡರು. ಎರಡು ವರ್ಷದಲ್ಲಿ 12 ಗೆಲುವು, 20 ಸೋಲು. ಸ್ಪರಿಯರ್ ರಾಜೀನಾಮೆ ಕೊಟ್ಟು ಹೊರನಡೆದರು.

ಅಂಗಳವೇ ಬೇರೆ

ಏಕೆ ಹೀಗೆ? ಕಾರಣಗಳಲ್ಲಿ ಒಂದನ್ನು ಅಳತೆಪಟ್ಟಿ ಹಿಡಿದೇ ತೋರಿಸಬಹುದು. ಮೈದಾನದ ಅಗಲ ಎರಡೂ ಕಡೆ 160 ಅಡಿಯೇ. ಆದರೆ ಪ್ರತಿ ಆಟ ಶುರುವಾಗುವ ಜಾಗವನ್ನು ಗೊತ್ತುಮಾಡುವ ಗೆರೆಗಳು ಬೇರೆ ಬೇರೆ. ಕಾಲೇಜಿನಲ್ಲಿ ಚೆಂಡು ಆ ಗೆರೆಯ ಮೇಲಿದ್ದರೆ ಒಂದು ಬದಿಗೆ 60 ಅಡಿ, ಇನ್ನೊಂದು ಬದಿಗೆ 100 ಅಡಿ ಜಾಗವಿರುತ್ತದೆ. ಎನ್‌ಎಫ್‌ಎಲ್‌ನಲ್ಲಿ ಸುಮಾರು 71 ಮತ್ತು 89 ಅಡಿ. ಕಾಲೇಜಿನ ಆ ವಿಶಾಲ ಬದಿಯಲ್ಲಿ ಎದುರಾಳಿಯನ್ನು ಎಳೆದಾಡಿಸುವುದು ಸುಲಭ. ವೃತ್ತಿಪರ ಅಂಗಳದಲ್ಲಿ ಅಂಥ ಬಯಲು ಸಿಗುವುದಿಲ್ಲ.

ಎರಡನೆಯದು ಎದುರಾಳಿಯ ಗುಣಮಟ್ಟ. ಕಾಲೇಜುಗಳ ಉನ್ನತ ದರ್ಜೆಯಲ್ಲೇ 130ಕ್ಕೂ ಹೆಚ್ಚು ತಂಡಗಳಿವೆ. ಹಾಗಾಗಿ ಹರಡಿ ನಿಂತ ತಂಡದೆದುರು ಎಲ್ಲೋ ಒಬ್ಬ ದುರ್ಬಲ ರಕ್ಷಕ ಸಿಕ್ಕೇ ಸಿಗುತ್ತಾನೆ. ಎನ್‌ಎಫ್‌ಎಲ್‌ನಲ್ಲಿರುವುದು 32 ತಂಡ. ಆ ಎಲ್ಲ ಕಾಲೇಜುಗಳಿಂದ ವರ್ಷಕ್ಕೆ ಸುಮಾರು 250 ಮಂದಿಯನ್ನಷ್ಟೇ ಹೆಕ್ಕಿ ತೆಗೆಯುತ್ತಾರೆ. ಅಲ್ಲಿ ದುರ್ಬಲರೆಂಬವರೇ ಇಲ್ಲ. ಮುಂಚೂಣಿಯ ನಾಲ್ವರೇ ನುಗ್ಗಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಬಲ್ಲರು. ಉಳಿದ ಏಳು ಮಂದಿ ಎಸೆತದ ದಾರಿಗಳನ್ನು ಮುಚ್ಚುತ್ತಾರೆ. ಮೂರನೆಯದು, ಗಡಿ ಹತ್ತಿರ ಬಂದಂತೆ ಜಾಗ ಕುಗ್ಗುತ್ತದೆ. ದೂರ ಓಡಿ ಚೆಂಡು ಹಿಡಿಯುವ ತಂತ್ರಕ್ಕೆ ಓಡಲು ನೆಲವೇ ಉಳಿಯುವುದಿಲ್ಲ. ಇದರ ಮೇಲೆ, ಕೆಲವೇ ತಂತ್ರಗಳನ್ನು ನೆಚ್ಚಿದ ತಂಡವನ್ನು ವಾರವಿಡೀ ಚಿತ್ರಸುರುಳಿ ನೋಡಿ ಅಭ್ಯಾಸ ಮಾಡುವುದೇ ವೃತ್ತಿಯಾಗಿರುವ ಎದುರಾಳಿಗಳು ಬೇಗ ಓದಿಕೊಂಡುಬಿಡುತ್ತಾರೆ.

ದಂಡ ತೆತ್ತವರು

ಈ ಕಾರಣಗಳೆಲ್ಲ ಪದ್ಧತಿಗೆ ಸಂಬಂಧಿಸಿದವು. ಆದರೆ ಸೋಲಿನ ಲೆಕ್ಕ ಬರೆದದ್ದು ಹುಡುಗರ ಹೆಸರಿನಲ್ಲಿ. ಹ್ಯೂಸ್ಟನ್ ವಿಶ್ವವಿದ್ಯಾಲಯದ ಆಂಡ್ರೆ ವೇರ್ 1989ರಲ್ಲಿ ಕಾಲೇಜು ಆಟಗಾರರ ಅತ್ಯುನ್ನತ ಗೌರವವಾದ ಹೈಸ್‌ಮನ್ ಪ್ರಶಸ್ತಿ ಪಡೆದು, ಏಳನೆಯವರಾಗಿ ಡೆಟ್ರಾಯಿಟ್ ತಂಡಕ್ಕೆ ಆಯ್ಕೆಯಾದರು. ಪಂದ್ಯ ಆರಂಭಿಸುವ ಅವಕಾಶ ಅವರಿಗೆ ಸಿಕ್ಕಿದ್ದು ಆರೇ ಸಲ. ಅವರ ಉತ್ತರಾಧಿಕಾರಿ ಡೇವಿಡ್ ಕ್ಲಿಂಗ್ಲರ್ 1990ರಲ್ಲಿ ಒಂದೇ ಪಂದ್ಯದಲ್ಲಿ 11 ಟಚ್‌ಡೌನ್ ಎಸೆದಿದ್ದರು. 1992ರಲ್ಲಿ ಆರನೆಯವರಾಗಿ ಅವರನ್ನು ಆರಿಸಿದ ಸಿನ್ಸಿನಾಟಿ ಆಗ ಪಾತಾಳ ಮುಟ್ಟಿದ್ದ ತಂಡ. ಅದು ಆಡುತ್ತಿದ್ದ ಆಟವೂ ಅವರು ಕಲಿತದ್ದಲ್ಲ. ಮೂರು ವರ್ಷಗಳಲ್ಲಿ ಕ್ಲಿಂಗ್ಲರ್ ಕಥೆ ಮುಗಿಯಿತು. ವಾಯುದಾಳಿಯಲ್ಲಿ ಪಳಗಿದ ಟಿಮ್ ಕೌಚ್ 1999ರ ಪ್ರಥಮ ಆಯ್ಕೆ. ಅವರನ್ನು ಆರಿಸಿದ ಕ್ಲೀವ್‌ಲೆಂಡ್ ಆ ವರ್ಷವಷ್ಟೇ ಹೊಸದಾಗಿ ಕಟ್ಟಿದ ತಂಡ. ಎರಡನೇ ಪಂದ್ಯಕ್ಕೇ ಕಣಕ್ಕಿಳಿಸಿದರು. ಋತು ಮುಗಿದಾಗ 2 ಗೆಲುವು, 14 ಸೋಲು. ಕೌಚ್ ಮೈತುಂಬ ಪೆಟ್ಟು.

2003ರಲ್ಲಿ ಲೀಚ್ ಗರಡಿಯ ಬಿ.ಜೆ. ಸೈಮನ್ಸ್ ಟೆಕ್ಸಾಸ್ ಟೆಕ್ ಪರ 5,833 ಗಜ ಎಸೆದು ಕಾಲೇಜು ದಾಖಲೆ ಬರೆದರು. ಅವರ ಹೆಸರು ಕೂಗಿದ್ದು ಏಳನೆಯ, ಅಂದರೆ ಕೊನೆಯ ಸುತ್ತಿನಲ್ಲಿ. ದಾಖಲೆಯೇ ಅವರಿಗೆ ಮುಳುವಾಯಿತು ಎನ್ನಬೇಕು. ಎಷ್ಟು ಹೆಚ್ಚು ಎಸೆದರೆ ಅಷ್ಟು ‘ಪದ್ಧತಿಯ ಕೂಸು’ ಎಂಬ ಹಣೆಪಟ್ಟಿ ಗಟ್ಟಿ.

ಒಂದೇ ಬೇರಿನ ಎರಡು ಕೊಂಬೆ

ಇಷ್ಟಾದರೂ ಎಸೆತದ ಆಟ ಎನ್‌ಎಫ್‌ಎಲ್ ಒಳಗೆ ನುಸುಳುತ್ತಲೇ ಇತ್ತು. 1978ರಲ್ಲಿ ಎನ್‌ಎಫ್‌ಎಲ್ ತಾನೇ ನಿಯಮ ಬದಲಿಸಿ, ಚೆಂಡು ಹಿಡಿಯಲು ಓಡುವವರನ್ನು ಮೊದಲ ಐದು ಗಜದಾಚೆ ತಡೆದು ನೂಕಬಾರದೆಂದಿತ್ತು. ಪ್ರೊವೊದ ಎಡ್ವರ್ಡ್ಸ್ ಶಿಷ್ಯರಾದ ಜಿಮ್ ಮೆಕ್‌ಮಾಹನ್ 1986ರ ಸೂಪರ್ ಬೌಲ್ ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್. ಇನ್ನೊಬ್ಬ ಶಿಷ್ಯ ಸ್ಟೀವ್ ಯಂಗ್ 1995ರ ಸೂಪರ್ ಬೌಲ್‌ನಲ್ಲಿ ಆರು ಟಚ್‌ಡೌನ್ ಎಸೆದರು. ಟೆಕ್ಸಾಸ್ ಟೆಕ್‌ನ ವೆಸ್ ವೆಲ್ಕರ್ ಕುಳ್ಳನೆಂದು 2004ರಲ್ಲಿ ಯಾರಿಗೂ ಬೇಡವಾಗಿದ್ದರು. 2007ರಲ್ಲಿ ನ್ಯೂ ಇಂಗ್ಲೆಂಡ್ ತಂಡಕ್ಕೆ ಹೋಗಿ ಒಂದೇ ಋತುವಿನಲ್ಲಿ 112 ಎಸೆತ ಹಿಡಿದರು. ಆ ಋತುವಿನ ಲೀಗ್ ಹಂತದಲ್ಲಿ ಅವರ ತಂಡ ಆಡಿದ 16 ಪಂದ್ಯಗಳನ್ನೂ ಗೆದ್ದಿತು.

ಇನ್ನು ಮಹೋಮ್ಸ್. 2017ರಲ್ಲಿ ಅವರಿಗಾಗಿ ಕ್ಯಾನ್ಸಸ್ ಸಿಟಿ ತಂಡ ತನ್ನ 27ನೆಯ ಸರದಿಯ ಜೊತೆಗೆ ಬೇರೆ ಸರದಿಗಳನ್ನೂ ಬಫಲೊಗೆ ಬಿಟ್ಟುಕೊಟ್ಟು ಹತ್ತನೆಯ ಸರದಿ ಪಡೆಯಿತು. ತರಬೇತುದಾರ ಆಂಡಿ ರೀಡ್ ಮೊದಲ ವರ್ಷ ಅವರನ್ನು ಅನುಭವಿ ಅಲೆಕ್ಸ್ ಸ್ಮಿತ್ ಹಿಂದೆ ಕೂರಿಸಿದರು. ಆರಂಭಿಸಲು ಕೊಟ್ಟದ್ದು ಋತುವಿನ ಕೊನೆಯ ಒಂದೇ ಲೀಗ್ ಪಂದ್ಯ. ಮರುವರ್ಷ 5,097 ಗಜ, 50 ಟಚ್‌ಡೌನ್, ಶ್ರೇಷ್ಠ ಆಟಗಾರ ಗೌರವ. 2020, 2023, 2024ರಲ್ಲಿ ಸೂಪರ್ ಬೌಲ್ ಪ್ರಶಸ್ತಿ. ಕಾಲೇಜಿನ ಆಟವನ್ನು ಅವರು ಹಾಗೆಯೇ ಅಲ್ಲಿ ಆಡಲಿಲ್ಲ. ರೀಡ್ ಅವರ ಸಂಕೀರ್ಣ ತಂತ್ರಗಳನ್ನು ಕಲಿತರು. ರೀಡ್ ಕೂಡ ಶಿಷ್ಯನಿಗೆ ಒಗ್ಗಿದ್ದನ್ನು ಸೇರಿಸಿಕೊಂಡರು. ಸ್ವಾರಸ್ಯವೆಂದರೆ, ರೀಡ್ ಆಟ ಕಲಿತದ್ದೂ ಪ್ರೊವೊದಲ್ಲೇ, ಎಡ್ವರ್ಡ್ಸ್ ತಂಡದಲ್ಲೇ. ವಾಯುದಾಳಿಯ ತಾಯಿಬೇರು ಎಲ್ಲಿತ್ತೋ ಈ ‘ವೃತ್ತಿಪರ’ ಗುರುವಿನ ಬೇರೂ ಅಲ್ಲೇ ಇತ್ತು.

ಇಡಿಯಾಗಿ ತಂದು ನೆಟ್ಟಾಗ ಏನಾಗುತ್ತದೆಂಬುದಕ್ಕೂ ಉದಾಹರಣೆ ಇದೆ. ಟೆಕ್ಸಾಸ್ ಟೆಕ್‌ನಲ್ಲಿ ಮಹೋಮ್ಸ್ ಅವರ ಗುರುವಾಗಿದ್ದ, ಸ್ವತಃ ಲೀಚ್ ಶಿಷ್ಯರಾದ ಕ್ಲಿಫ್ ಕಿಂಗ್ಸ್‌ಬರಿ 2019ರಲ್ಲಿ ಅರಿಜೋನ ತಂಡದ ಮುಖ್ಯ ತರಬೇತುದಾರರಾದರು. 2021ರಲ್ಲಿ 11 ಪಂದ್ಯ ಗೆದ್ದದ್ದೇ ಅವರ ಉತ್ತಮ ಸಾಧನೆ. ನಾಲ್ಕು ವರ್ಷಗಳ ಒಟ್ಟು ಲೆಕ್ಕ 28 ಗೆಲುವು, 37 ಸೋಲು, ಒಂದು ಸಮ. ಅದೇ ಕಿಂಗ್ಸ್‌ಬರಿ 2024ರಲ್ಲಿ ವಾಷಿಂಗ್ಟನ್‌ನಲ್ಲಿ ಇನ್ನೊಬ್ಬರ ಕೈಕೆಳಗೆ ದಾಳಿಯ ಹೊಣೆ ಹೊತ್ತಾಗ ತಂಡ 12 ಪಂದ್ಯ ಗೆದ್ದು ಸೂಪರ್ ಬೌಲ್‌ಗೆ ಒಂದು ಮೆಟ್ಟಿಲು ಹತ್ತಿರ ಬಂತು.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರವೇನು? ಕಾಲೇಜಿನ ಎಸೆತದ ಆಟವನ್ನು ಬೇರುಸಹಿತ ಕಿತ್ತು ತಂದರೆ ವೃತ್ತಿಪರ ನೆಲದಲ್ಲಿ ಅದು ಬಾಡುತ್ತದೆ. ಕಸಿ ಮಾಡಿದರೆ ಫಲ ಕೊಡುತ್ತದೆ. ಕಸಿಗೆ ತಾಳ್ಮೆ ಬೇಕು. ಕೌಚ್‌ಗೆ ಸಿಕ್ಕಿದ್ದು ಒಂದು ವಾರ, ಮಹೋಮ್ಸ್‌ಗೆ ಒಂದು ವರ್ಷ. ಇಬ್ಬರ ಪ್ರತಿಭೆಯಲ್ಲಿ ಅಂತರ ಇರಲಿಲ್ಲವೆಂದು ಹೇಳಲಾಗದು. ಆದರೆ ಇಬ್ಬರನ್ನು ಬರಮಾಡಿಕೊಂಡ ಮನೆಗಳಲ್ಲಿ ಎಷ್ಟು ಅಂತರವಿತ್ತೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಲಬಕ್‌ನ ಆ ರಾತ್ರಿಯ ಇನ್ನೊಬ್ಬ ನಾಯಕ ಬೇಕರ್ ಮೇಫೀಲ್ಡ್ ಅವರ ಕಥೆ ಇದನ್ನೇ ಹೇಳುತ್ತದೆ. 2018ರಲ್ಲಿ ಪ್ರಥಮ ಆಯ್ಕೆಯಾಗಿ ಅವರು ಕ್ಲೀವ್‌ಲೆಂಡ್ ಸೇರಿದರು. 2022ರಲ್ಲಿ ಆ ತಂಡ ಅವರನ್ನು ಕ್ಯಾರೊಲಿನಕ್ಕೆ ಸಾಗಹಾಕಿತು. ಅದೇ ವರ್ಷ ಕ್ಯಾರೊಲಿನ ಅವರನ್ನು ಕೈಬಿಟ್ಟು, ಅವರು ಲಾಸ್ ಏಂಜಲಿಸ್ ಸೇರಬೇಕಾಯಿತು. ಕಾಲೇಜಿನ ಆಟ ಇಲ್ಲಿ ನಡೆಯದು ಎಂಬ ಹಳೆಯ ಮಾತಿಗೆ ಮತ್ತೊಂದು ಸಾಕ್ಷಿ ಸಿಕ್ಕಿತು ಎನ್ನುವಷ್ಟರಲ್ಲಿ, 2023ರಲ್ಲಿ ಟ್ಯಾಂಪ ತಂಡ ಅವರಿಗೆ ಜಾಗ ಕೊಟ್ಟಿತು. ಆ ವರ್ಷ ಅವರು ತಂಡವನ್ನು ನಾಕೌಟ್ ಹಂತಕ್ಕೆ ಒಯ್ದರು, ಮರುವರ್ಷವೂ ಒಯ್ದರು. ಆರು ವರ್ಷದ ಹಿಂದೆ ಅವರನ್ನು ಆರಿಸಿದಾಗ ಇದ್ದ ತೋಳೇ ಅದು.